ಉಲಮಾ ಹಕ್ಕಿಯ ಭಾಗಶಃ ಚಿತ್ರ

ತೆಪಾನಿಸ್ ತೀರಿಕೊಂಡ ಸುದ್ದಿಯನ್ನು ಮೊದಲು ಕೇಳಿದ ಮೂವರೂ ನಕ್ಕರು.

ಮೊದಲು ನಕ್ಕವನು ಚಹಾದಂಗಡಿಯ ಸೈಮನ್. ಬೆಳಗ್ಗೆ ಏಳು ಗಂಟೆಗೆ ಬಸ್ಸು ನಿಲ್ಲುವ ಜಾಗದಲ್ಲಿ ಅಮರದಾಸ ಕೋಲು ನೆಟ್ಟು ಬಿಳಿಯ ಬಾವುಟ ಕಟ್ಟುತ್ತಿದ್ದ. ಅದನ್ನು ಕಂಡ ಸೈಮನ್, ಕೈಯಲ್ಲಿದ್ದ ಲೋಟವನ್ನೂ ಕೆಳಗಿಡದೆ, "ಏನು ಕಾರ್ಯದರ್ಶಿಗಳೇ, ಈ ಸಲ ಯಾವ ಹಕ್ಕಿ?" ಎಂದು ಕೇಳಿದ. ಎರಡನೆಯವನು ಬಸ್ಸಿನ ಚಾಲಕ. ಅವನು ಕಿಟಕಿಯಿಂದ ತಲೆ ಹೊರಗೆ ಹಾಕಿ, "ತೆಪಾನಿಸಜ್ಜನಾ? ಹೂವಿನ ಚಕ್ರ ತರಲಾ, ಕ್ಯಾಮೆರಾ ತರಲಾ?" ಎಂದ. ಮೂರನೆಯವಳು ಬಾಬಾನೋನಾ. ಎಂಬತ್ತು ದಾಟಿದ ಮುದುಕಿ, ಕಿವಿ ಮಂದ. ಅವಳಿಗೆ ಸುದ್ದಿಯನ್ನು ಎರಡು ಸಲ ಕೂಗಿ ಹೇಳಬೇಕಾಯಿತು. ಕೇಳಿಸಿದ ಮೇಲೆ ಅವಳು ಇದ್ದ ನಾಲ್ಕು ಹಲ್ಲನ್ನೂ ತೋರಿಸಿ ನಕ್ಕು, "ಹೋಗೋ ಅಮರದಾಸ, ಒಂದು ಸಲ ಅತ್ತಿದ್ದೇ ಸಾಕು" ಎಂದು ಬಾಗಿಲು ಹಾಕಿಕೊಂಡಳು.

ಅಮರದಾಸನಿಗೆ ಸಿಟ್ಟು ಬರಲಿಲ್ಲ. ತಪ್ಪು ಅವರದಲ್ಲ, ತನ್ನದು. ಆಸ್ಪತ್ರೆಯಿಂದ ತೆಪಾನಿಸನ ಹೆಂಡತಿ ಕರುಣಾವತಿ ಫೋನು ಮಾಡಿ, "ಅಣ್ಣಾ, ಅವರು ಹೋಗಿಬಿಟ್ರು" ಎಂದಾಗ ಅವನು ಬುದ್ಧನ ಪಟದ ಮುಂದೆ ದೀಪ ಹಚ್ಚಿ, ಮುಖ ತೊಳೆದು, ಮರಣ ಸಹಾಯ ಸಂಘದ ಬೀರುವಿನ ಬೀಗದ ಕೈ ತೆಗೆದುಕೊಂಡು ಹೊರಟಿದ್ದ. ದಾರಿಯುದ್ದಕ್ಕೂ ಬಾವುಟ ನೆಡುತ್ತ, ಎದುರಾದವರಿಗೆಲ್ಲ ಕಣ್ಣೊರೆಸಿಕೊಂಡು, "ಈ ಸಲ ನಿಜ, ಈ ಸಲ ನಿಜ" ಎಂದು ಹೇಳುತ್ತ ಹೋದ. ಆ ಮಾತು ಕೇಳಿ ಇನ್ನೂ ಇಬ್ಬರು ನಕ್ಕರು.

ಇದರ ಮೂಲ ಮೂವತ್ತೆರಡು ವರ್ಷದ ಹಿಂದಿನದು.

ಆಗ ತೆಪಾನಿಸ್ ಬೈನೆ ಮರ ಹತ್ತಿ, ಹೂಗೊಂಚಲಿನ ಸಿಹಿನೀರು ಇಳಿಸಿ ಬೆಲ್ಲ ಕಾಯಿಸುತ್ತಿದ್ದ. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಮರದ ತುದಿಯಲ್ಲಿ ಕೂತಿರುತ್ತಿದ್ದುದರಿಂದ ಸಿಂಹರಾಜ ಕಾಡಿನ ಹಕ್ಕಿಗಳೆಲ್ಲ ಅವನಿಗೆ ಸಮಾನ ಎತ್ತರದ ಪರಿಚಯ. "ಕೆಳಗೆ ನಿಂತು ನೋಡೋರಿಗೆ ಹಕ್ಕಿಯ ಹೊಟ್ಟೆ ಗೊತ್ತು, ನನಗೆ ಅದರ ಮುಖ ಗೊತ್ತು" ಎಂದು ಅವನು ಹೇಳಿಕೊಳ್ಳುತ್ತಿದ್ದ. ಅದು ಸುಳ್ಳಲ್ಲ. ಕೆಂಪುಮೊಗದ ಕೋಗಿಲೆ ಯಾವ ಕೊಂಬೆಯಲ್ಲಿ ರೆಕ್ಕೆ ಒಣಗಿಸುತ್ತದೆ, ನೀಲಿ ಮಟಪಕ್ಷಿ ಯಾರ ಮನೆಯ ಹಿತ್ತಲಿನಿಂದ ಏನು ಕದಿಯುತ್ತದೆ, ಎಲ್ಲ ಅವನಿಗೆ ಗೊತ್ತಿತ್ತು.

ಆದರೆ ಅವನ ಹತ್ತಿರ ಬಿಲ್ಲೆ ಇರಲಿಲ್ಲ. ಹಕ್ಕಿ ನೋಡಲು, ಅವುಗಳ ಫೋಟೋ ತೆಗೆಯಲು ದೇಶದೇಶದವರು ಆ ಕಾಡಿಗೆ ಬರಲಾರಂಭಿಸಿದ ಕಾಲ ಅದು. ಅವರನ್ನು ಒಳಗೆ ಕರೆದುಕೊಂಡು ಹೋಗಲು ಕಾಡಿನ ಕಚೇರಿಯವರು ಅಂಕಿ ಕೊರೆದ ಹಿತ್ತಾಳೆಯ ಬಿಲ್ಲೆ ಕೊಡುತ್ತಿದ್ದರು. ಹತ್ತನೆಯ ತರಗತಿ ಓದಿದ ಮೂವರಿಗೆ ಅದು ಸಿಕ್ಕಿತ್ತು. ಅವರಲ್ಲೊಬ್ಬ ಮೈನಾವನ್ನೂ ಮಿಂಚುಳ್ಳಿಯನ್ನೂ ಒಂದೇ ಹಕ್ಕಿಯ ಗಂಡು ಹೆಣ್ಣು ಎಂದು ತೋರಿಸಿದ್ದ. ನಾಲ್ಕನೆಯ ತರಗತಿಯ ತೆಪಾನಿಸ್ ಬಂದವರ ಚೀಲ ಹೊತ್ತು ಗೇಟಿನವರೆಗೆ ಹೋಗಿ, ಅಲ್ಲಿ ಕೂತು ಕಾಲಿನ ಇಂಬಳ ಕೀಳುತ್ತ, ಅವರು ಹಿಂದಿರುಗುವವರೆಗೆ ಕಾಯಬೇಕಾಗಿತ್ತು. ಗೇಟಿನ ಆಚೆ ಹಕ್ಕಿ ಕೂಗಿದರೆ ಅದರ ಹೆಸರನ್ನು ಕಾವಲುಗಾರನಿಗೆ ಹೇಳುತ್ತಿದ್ದ. ಕಾವಲುಗಾರನಿಗೆ ಅದು ಬೇಕಿರಲಿಲ್ಲ.

ಆ ವರ್ಷ ಅವನ ಮನೆಯಲ್ಲಿ ಹತ್ತು ದಿನ ಮಳೆಗೆ ಸಿಕ್ಕಿಕೊಂಡು ಉಳಿದಿದ್ದ ಜರ್ಮನಿಯ ಒಬ್ಬ ಮುದುಕ, ಹೋಗುವಾಗ ತನ್ನ ಹಳೆಯ ಕ್ಯಾಮೆರಾವನ್ನೂ ಮೂವತ್ತಾರು ಚಿತ್ರದ ಒಂದು ಸುರುಳಿಯನ್ನೂ ಕೊಟ್ಟು ಹೋದ. ಅಂದಿನಿಂದ ತೆಪಾನಿಸನ ನಡಿಗೆಯೇ ಬದಲಾಯಿತು. ಕ್ಯಾಮೆರಾ ಕೊರಳಿಗೆ ಹಾಕಿಕೊಂಡೇ ಮರ ಹತ್ತಿದ. ಅಭ್ಯಾಸಕ್ಕೆಂದು ಮನೆಯ ಕೋಳಿಗಳ ಫೋಟೋ ತೆಗೆದ.

"ಕೋಳಿ ಫೋಟೋ ಯಾರಿಗೆ ಬೇಕು?" ಎಂದು ಹೆಂಡತಿ ಕರುಣಾವತಿ ಕೇಳಿದಳು.

"ಕೋಳಿಯೂ ಹಕ್ಕಿಯೇ ಕಣೆ. ಮೊದಲು ಸುಲಭದ್ದು, ಆಮೇಲೆ ಕಷ್ಟದ್ದು."

"ಮೂರು ದಿನದಿಂದ ಕಾಳು ಹಾಕಿಲ್ಲ, ಹತ್ತಿರ ಹೋದರೆ ಅಲ್ಲಾಡ್ತವೆ ಅಂತ. ಮೊಟ್ಟೆ ನೀವೇ ಇಡ್ತೀರಾ?"

ಹೀಗೆ ಕೋಳಿಗಳು, ಬೆಲ್ಲದ ಬಾಣಲೆ, ನಾದಿನಿಯ ಬೆನ್ನು, ತನ್ನದೇ ಹೆಬ್ಬೆರಳು, ಎಲ್ಲ ಸೇರಿ ಮೂವತ್ತೈದು ಚಿತ್ರ ಮುಗಿದವು. ಉಳಿದದ್ದು ಒಂದು.

ಆ ಸಮಯಕ್ಕೇ ಊರಿನಲ್ಲಿ ಉಲಮಾ ಹಕ್ಕಿಯ ಕೂಗು ಶುರುವಾಯಿತು.

ಉಲಮಾ ಕೂಗಿದರೆ ಆ ಊರಿನಲ್ಲಿ ಒಂದು ಸಾವು ಖಂಡಿತ ಎಂದು ಎಲ್ಲರೂ ನಂಬಿದ್ದ ಕಾಲ. ಹೆಂಗಸೊಬ್ಬಳ ಕತ್ತು ಹಿಸುಕಿದಂಥ ಆ ಕೂಗು ತೆಪಾನಿಸನ ಹಿತ್ತಲಿನ ಕಾಡುಮಾವಿನ ಮರದ ಕಡೆಯಿಂದ ಒಂದು ವಾರ ಬಿಡದೆ ಕೇಳಿಸಿತು. ಮಕ್ಕಳಿಗೆಲ್ಲ ತೋಳಿಗೆ ಭಿಕ್ಷುಗಳು ಪಿರಿತ್ ಮಂತ್ರ ಹೇಳಿ ಕಟ್ಟುವ ರಕ್ಷೆಯ ದಾರ ಬಂತು. ಊರಿನಲ್ಲಿ ಕೆಮ್ಮುತ್ತಿದ್ದವರನ್ನೆಲ್ಲ ಜನ ಒಂದು ಥರ ನೋಡತೊಡಗಿದರು. ಆಗ ಇನ್ನೂ ಬದುಕಿದ್ದ ಸೈಮನನ ತಂದೆ ಕೆಮ್ಮು ಬಂದರೆ ಬಾಯಿಗೆ ಟವೆಲು ತುರುಕಿಕೊಳ್ಳುತ್ತಿದ್ದರು.

ತೆಪಾನಿಸ್ ಮಾತ್ರ ಬೆಳಗ್ಗೆ ಮರ ಹತ್ತಿ ನೋಡಿ ಬಂದಿದ್ದ. ನೇರವಾಗಿ ಕಾಡಿನ ಕಚೇರಿಗೆ ಹೋಗಿ, ಅಧಿಕಾರಿ ತಿಲಕಸಿರಿ ಮಹತ್ತಯಾರ ಮುಂದೆ ಕೈಮುಗಿದು ನಿಂತ.

"ಮಹತ್ತಯಾ, ಉಲಮಾ ನಮ್ಮ ಮನೆಗೇ ಬರ್ತಾ ಇದೆ."

ಪಕ್ಕದಲ್ಲಿ ಬರೆಯುತ್ತಿದ್ದ ಗುಮಾಸ್ತ ಕುರ್ಚಿಯನ್ನು ಎರಡು ಮೊಳ ಹಿಂದಕ್ಕೆ ಎಳೆದುಕೊಂಡ.

"ನೀನು ಕಣ್ಣಾರೆ ಕಂಡಿದೀಯಾ?" ಎಂದರು ತಿಲಕಸಿರಿ.

"ಕಂಡಿದೀನಿ. ಗೂಬೆ ಮಹತ್ತಯಾ, ಕಾಡಿನ ದೊಡ್ಡ ಗೂಬೆ. ಎದೆ ಮೇಲೆ ಚುಕ್ಕೆ, ತಲೆ ಮೇಲೆ ಎರಡು ಕಿವಿ. ಬೆಳಕು ಬಿಟ್ಟ ಮೇಲೆ ಕೂತು ತೂಕಡಿಸುತ್ತೆ, ಥೇಟ್ ನಿಮ್ಮ..." ಎಂದು ಗುಮಾಸ್ತನ ಕಡೆ ನೋಡಿ ಸುಮ್ಮನಾದ.

ತಿಲಕಸಿರಿ ಪೆನ್ನು ಕೆಳಗಿಟ್ಟರು. ಈ ಕಾಡಿನಲ್ಲಿ ಅದರ ಫೋಟೋ ಯಾರೂ ತೆಗೆದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. "ಶನಿವಾರ ಇಂಗ್ಲೆಂಡಿನ ಒಬ್ಬರು ಹೆಂಗಸು ಬರ್ತಾರೆ, ಆ ನೋನಾಗೆ ಹಕ್ಕಿ ನೋಡಬೇಕಂತೆ. ಬೆಳಗಿನ ಜಾವಕ್ಕೇ ಅವರನ್ನ ನಿನ್ನ ಮನೆಗೆ ಕರೆತರ್ತೀನಿ. ಹಕ್ಕಿ ಕೂತಿರಬೇಕು. ಅವರ ಕ್ಯಾಮೆರಾದಲ್ಲೋ ನಿನ್ನದರಲ್ಲೋ ಒಂದು ಫೋಟೋ ಬರಬೇಕು. ಬಂತು ಅಂದ್ರೆ ನಾಲ್ಕನೆಯ ಬಿಲ್ಲೆ ನಿನಗೆ."

"ಬರದಿದ್ರೆ?"

"ಬರದಿದ್ರೆ ಬೆಲ್ಲ ಕಾಯಿಸು."

ತೆಪಾನಿಸ್ ಬಾಗಿಲವರೆಗೆ ಹೋದ ಮೇಲೆ ಅವರು ಕೂಗಿ ಕೇಳಿದರು: "ಏಯ್, ನಿನ್ನ ಮನೆ ದಾರಿ ಹೇಗಯ್ಯಾ? ಅಲ್ಲಿ ಮೂರು ಕವಲಿದೆ."

"ಗುರುತು ಹಾಕಿರ್ತೀನಿ ಮಹತ್ತಯಾ. ನೋಡ್ಕೊಂಡು ಬಂದ್ಬಿಡಿ."

ಗುರುತು ಹಾಕುವ ವಿಚಾರವನ್ನು ಅವನು ಗೆಳೆಯ ಅಮರದಾಸನೊಡನೆ ಚರ್ಚಿಸಿದ್ದು ಶುಕ್ರವಾರ ಸಂಜೆ. ಅಮರದಾಸ ಆಗಲೇ ಮರಣ ಸಹಾಯ ಸಂಘದ ಕಾರ್ಯದರ್ಶಿಯಾಗಿ ಹನ್ನೊಂದು ವರ್ಷ. ಸಂಘದ ಬೀರು, ನೂರು ಕುರ್ಚಿ, ಎರಡು ಗ್ಯಾಸ್ ದೀಪ, ಅನ್ನದ ದೊಡ್ಡ ಹಂಡೆಗಳು, ಅರವತ್ತು ಬಿಳಿ ಬಾವುಟ, ಎಲ್ಲ ಅವನ ಮನೆಯಲ್ಲೇ. ಊರಿನಲ್ಲಿ ಯಾರಾದರೂ ತೀರಿಕೊಂಡರೆ ಬಸ್ಸಿನ ನಿಲ್ದಾಣದಿಂದ ಆ ಮನೆಯವರೆಗೆ ಈ ಬಾವುಟಗಳು ಏಳುತ್ತವೆ. ಪರವೂರಿನ ನೆಂಟರು ಯಾರನ್ನೂ ಕೇಳದೆ ಮನೆ ಸೇರುತ್ತಾರೆ.

"ಕೆಂಪು ಬಟ್ಟೆ ಕಟ್ಟಿದ್ರೆ ಹಕ್ಕಿ ಹೆದರುತ್ತೆ" ಎಂದ ತೆಪಾನಿಸ್.

"ಹಳದಿ ಕಟ್ಟಬೇಡ. ಅದು ಪನ್ಸಲೆಗೆ ಸೇರಿದ್ದು" ಎಂದ ಅಮರದಾಸ. ವಿಹಾರದ ವಿಷಯದಲ್ಲಿ ಅವನು ಬಹಳ ಕಟ್ಟುನಿಟ್ಟು.

"ಹಸಿರು ಕಾಡಲ್ಲಿ ಕಾಣಲ್ಲ."

"ಕಪ್ಪು ಮಬ್ಬಲ್ಲಿ ಕಾಣಲ್ಲ."

ಇಬ್ಬರೂ ಕಪ್ಪು ಚಹಾ ಕುಡಿದು, ಕೈಯಲ್ಲಿದ್ದ ಬೆಲ್ಲದ ಚೂರು ಕಚ್ಚಿದರು. ಆಮೇಲೆ ಇಬ್ಬರ ಕಣ್ಣೂ ಒಟ್ಟಿಗೇ ಬೀರುವಿನ ಕಡೆ ಹೋಯಿತು. ಲೋಕದಲ್ಲಿ ಎಷ್ಟೋ ದೊಡ್ಡ ತಪ್ಪುಗಳು ಇಬ್ಬರು ಬುದ್ಧಿವಂತರು ಒಂದೇ ಕಡೆ ನೋಡುವುದರಿಂದ ಆಗುತ್ತವೆ.

"ದಾರಿ ತೋರಿಸೋಕೇ ಇರೋದಲ್ವಾ ಅವು?" ಎಂದ ತೆಪಾನಿಸ್.

"ಹೌದು. ದಾರಿ ತೋರಿಸೋಕೇ" ಎಂದ ಅಮರದಾಸ. "ಆದರೆ ಸೂರ್ಯ ಹುಟ್ಟೋದರ ಒಳಗೆ ಕಿತ್ತುಬಿಡಬೇಕು."

"ಕೀಳ್ತೀನಿ. ನೋನಾ ಬಂದ ಕೂಡಲೇ ಕೀಳ್ತೀನಿ."

ಬೀರುವಿನಿಂದ ಒಂದು ಸೂಜಿಯೂ ಪುಸ್ತಕದಲ್ಲಿ ಬರೆಯದೆ ಹೊರಗೆ ಹೋಗಕೂಡದು ಎಂಬುದು ಅಮರದಾಸನೇ ಮಾಡಿದ ನಿಯಮ. ಪುಸ್ತಕ ತೆಗೆದ. ಅದರಲ್ಲಿ ಇದ್ದ ಅಂಕಣಗಳು ಇಷ್ಟೇ: ದಿನಾಂಕ, ಮೃತರ ಹೆಸರು, ವಯಸ್ಸು, ಕಾರಣ, ಒಯ್ದ ಸಾಮಾನು. ಪೆನ್ನು ಹಿಡಿದು ಬಹಳ ಹೊತ್ತು ಕೂತ. ಸುಳ್ಳು ಬರೆಯುವಂತಿಲ್ಲ, ಅಂಕಣವನ್ನು ಖಾಲಿ ಬಿಡುವಂತೆಯೂ ಇಲ್ಲ. ಕೊನೆಗೆ ಒಯ್ಯುವವನ ಹೆಸರನ್ನೇ ಬರೆಯುವುದು ಧರ್ಮ ಎಂದು ತೀರ್ಮಾನಿಸಿ, "ತೆಪಾನಿಸ್" ಎಂದು ಬರೆದ. ವಯಸ್ಸು ನಲವತ್ತು. ಕಾರಣ: ಉಲಮಾ. ಸಾಮಾನು: ಬಾವುಟ, ಅರವತ್ತು. ಅಕ್ಷರ ದುಂಡಗೆ ಬಂದಿತ್ತು. ಅಂಕಣದ ತಲೆಬರಹ ನೆನಪಾದರೂ, ಬರೆದದ್ದನ್ನು ಹೊಡೆದುಹಾಕಿದರೆ ಪುಸ್ತಕದ ಅಂದ ಕೆಡುತ್ತದೆ ಎಂದು ಹಾಗೆಯೇ ಬಿಟ್ಟ.

ಮರುದಿನ ಹುಣ್ಣಿಮೆ, ಪೋಯ. ಅಮರದಾಸ ಬಿಳಿ ಬಟ್ಟೆ ಉಟ್ಟು, ಮಬ್ಬಿರುವಾಗಲೇ ಶೀಲದ ವ್ರತ ಹಿಡಿಯಲು ವಿಹಾರಕ್ಕೆ ಹೋದ. ಪುಸ್ತಕ ಮೇಜಿನ ಮೇಲೆ ತೆರೆದೇ ಇತ್ತು.

ಮೊದಲ ಬಸ್ಸಿಗೆ ಬಂದವರು ತೆಪಾನಿಸ್ ರಾತ್ರಿ ನೆಟ್ಟಿದ್ದ ಬಾವುಟ ನೋಡಿದರು. ನೋಡಿದವರು ಎದೆಯ ಮೇಲೆ ಕೈಯಿಟ್ಟುಕೊಂಡು, "ಉಲಮಾ ಸುಮ್ಮನೆ ಕೂಗಲಿಲ್ಲ" ಎಂದರು. ಬಸ್ಸು ಆ ಸುದ್ದಿಯನ್ನು ಹೊತ್ತುಕೊಂಡು ಕಲವಾನ ಪೇಟೆಗೆ ಹೋಯಿತು. ಯಾರು ಹೋದರು ಎಂದು ಕೇಳಲು ನಾಲ್ವರು ಕಾರ್ಯದರ್ಶಿಯ ಮನೆಗೆ ಬಂದರು. ಅವನ ಹೆಂಡತಿಗೆ ಏನೂ ಗೊತ್ತಿರಲಿಲ್ಲ. "ಪುಸ್ತಕ ಇದೆ, ನೋಡ್ಕೊಳ್ಳಿ" ಎಂದಳು. ನೋಡಿಕೊಂಡರು. ಸಂಘದ ನೂರು ಕುರ್ಚಿಯೂ ಹಂಡೆಯೂ ಅರ್ಧ ಗಂಟೆಯಲ್ಲಿ ತಾವಾಗಿಯೇ ಹೊರಟವು.

ಮುಂದಿನದನ್ನು ಅಮರದಾಸ ಕಣ್ಣಾರೆ ಕಂಡಿಲ್ಲ. ಆದರೆ ಬಾಬಾನೋನಾಳಿಂದ ನಲವತ್ತು ಸಲವಾದರೂ ಕೇಳಿದ್ದರಿಂದ ಕಂಡಷ್ಟೇ ಸರಿ.

ಕರುಣಾವತಿ ಅಡುಗೆಮನೆಯಲ್ಲಿ ಅತಿಥಿಗಳಿಗೆಂದು ಹಾಲನ್ನ ಮಾಡಿ ತಟ್ಟೆಗೆ ಹರಡುತ್ತಿದ್ದಳು. ಬಾಬಾನೋನಾ ಹತ್ತು ಹೆಂಗಸರೊಡನೆ ಒಳಗೆ ನುಗ್ಗಿ ಅವಳನ್ನು ತಬ್ಬಿಕೊಂಡು ಹೋ ಎಂದು ಅತ್ತಳು. ಅಳುವವರು ಮನೆಗೆ ಬಂದರೆ ಮೊದಲು ಜೊತೆಗೆ ಅಳುವುದು, ಕಾರಣವನ್ನು ಆಮೇಲೆ ಕೇಳುವುದು ಆ ಊರಿನ ಮರ್ಯಾದೆ. ಕರುಣಾವತಿಯೂ ಅತ್ತಳು. ಸೈಮನನ ತಂದೆ ಹೋದರೆಂದು ಅವಳ ಊಹೆ.

"ಎಲ್ಲಿದ್ದಾನಮ್ಮಾ ತೆಪಾನಿಸ್?" ಎಂದಳು ಬಾಬಾನೋನಾ.

"ಹಿಂದೆ, ಮಾವಿನ ಮರದ ಕೆಳಗೆ ಮಲಗಿದಾರೆ ಅಕ್ಕಾ."

"ಅಯ್ಯೋ, ಒಳಗೆ ತರಲಿಲ್ವಾ?"

"ಬೇಡ ಅಂದ್ರು. ನಾನೇ ಮೇಲೆ ಎಲೆ ಮುಚ್ಚಿ ಬಂದೆ."

"ಯಾವಾಗ್ಲಿಂದ?"

"ಕೋಳಿ ಕೂಗಿದಾಗಿನಿಂದ. ಅಲ್ಲಾಡಿಲ್ಲ. ಯಾರೂ ಹತ್ತಿರ ಬರಬಾರದು, ಸದ್ದು ಮಾಡಬಾರದು ಅಂದ್ರು. ಆಮೇಲೆ ಮಾತೇ ಇಲ್ಲ."

"ಕೊನೆಯ ಮಾತು ಕೂಡ ಇನ್ನೊಬ್ಬರ ತೊಂದರೆ ಬಗ್ಗೆನೇ" ಎಂದು ಬಾಬಾನೋನಾ ಎದೆ ಬಡಿದುಕೊಂಡಳು. "ಎಂಥ ಚಿನ್ನದಂಥ ಮನುಷ್ಯ!" ಹಿಂದಿನ ದಿನವಷ್ಟೇ ಅವನನ್ನು ಕೋಳಿ ಕಾಯುವ ದಂಡಪಿಂಡ ಎಂದು ಬೈದವಳು ಅವಳೇ. ಗಂಡನ ಬಗ್ಗೆ ಇಷ್ಟು ಒಳ್ಳೆಯ ಮಾತು ಊರವರ ಬಾಯಿಂದ ಎಂದೂ ಕೇಳದ ಕರುಣಾವತಿ, ಬಿಲ್ಲೆಯ ಸುದ್ದಿ ಎಲ್ಲರಿಗೂ ಗೊತ್ತಾಗಿದೆ ಎಂದುಕೊಂಡು, ಸೆರಗಿನಿಂದ ಮುಖ ಮುಚ್ಚಿಕೊಂಡು ಇನ್ನಷ್ಟು ಅತ್ತಳು.

ಇತ್ತ ವಿಹಾರಕ್ಕೂ ಸುದ್ದಿ ಹೋಯಿತು. ಸತ್ತವರಿಗಾಗಿ ಹೇಳುವ ಪಾಂಸುಕೂಲದ ಮಂತ್ರಕ್ಕೆ ದೊಡ್ಡ ಭಿಕ್ಷು ಸುಮನಸಾರ ಹಾಮುದುರುವೋ ಬರಬೇಕೆಂದು ಇಬ್ಬರು ಮಂಡಿಯೂರಿ ಕೇಳಿಕೊಂಡರು. ಬೋಧಿ ಮರದ ಕೆಳಗೆ ಕಣ್ಣುಮುಚ್ಚಿ ಕೂತಿದ್ದ ಅಮರದಾಸ ಕಣ್ಣು ಬಿಟ್ಟ.

"ಯಾರು?"

"ತೆಪಾನಿಸಣ್ಣ."

"ಯಾರು ಹೇಳಿದ್ದು?"

"ನಿಮ್ಮ ಪುಸ್ತಕದಲ್ಲೇ ಇದೆಯಲ್ಲಾ ಅಣ್ಣಾ."

ಹನ್ನೊಂದು ವರ್ಷದಲ್ಲಿ ಆ ಪುಸ್ತಕದಲ್ಲಿ ಒಂದು ತಪ್ಪೂ ಆಗಿರಲಿಲ್ಲ. ಅದರಲ್ಲಿ ಹೆಸರು ಬರೆದವರು ಯಾರೂ ತಿರುಗಿ ಬಂದಿರಲಿಲ್ಲ. ಬಾವುಟ ಕೊಟ್ಟದ್ದು ತಾನೇ ಎಂಬುದು ಅಮರದಾಸನಿಗೆ ಚೆನ್ನಾಗಿಯೇ ನೆನಪಿತ್ತು. ಆದ್ದರಿಂದಲೇ ಅವನು ಹೆದರಿದ. ಬದುಕಿದ್ದವನ ಹೆಸರನ್ನು ಮೃತರ ಅಂಕಣದಲ್ಲಿ, ಅದೂ ಪೋಯದ ಹಿಂದಿನ ಸಂಜೆ, ಕಾರಣದ ಸಮೇತ ಬರೆದಿದ್ದ. ಉಲಮಾ ಓದಿಕೊಂಡಿದೆ. ಅವನಿಗೆ ಬೇರೆ ಯೋಚನೆ ಬರಲಿಲ್ಲ. "ಬರೆದೇ ಕೊಂದುಬಿಟ್ಟೆ ಹಾಮುದುರುವನೇ!" ಎಂದು ಭಿಕ್ಷುಗಳ ಪಾದಕ್ಕೆ ಬಿದ್ದ.

"ಮೊದಲು ಏಳು" ಎಂದರು ಅವರು. "ನಡೀರಿ, ನೋಡೋಣ."

ಮುಂದೆ ಕೊಡೆ ಹಿಡಿಸಿಕೊಂಡ ಭಿಕ್ಷುಗಳು, ಹಿಂದೆ ಅಳುತ್ತ ಅಮರದಾಸ, ಅವನ ಹಿಂದೆ ಪೋಯಕ್ಕೆಂದು ಬಿಳಿಯುಟ್ಟಿದ್ದ ಊರೆಲ್ಲ. ಮನೆಯ ಹಿತ್ತಲಿಗೆ ಬರುವ ಹೊತ್ತಿಗೆ ನಲವತ್ತಮೂರು ಜನ.

ಕಾಡುಮಾವಿನ ಕೆಳಗೆ ಬೈನೆ ಎಲೆಯ ರಾಶಿ. ರಾಶಿಯಿಂದ ಹೊರಗೆ ಎರಡು ಪಾದ. ಪಾದದ ಮೇಲೆ ರಕ್ತ ಕುಡಿದು ಉಬ್ಬಿದ ಇಂಬಳಗಳು.

"ನೋಡಿ, ನೋಡಿ" ಎಂದು ಬಾಬಾನೋನಾ ಪಿಸುಗುಟ್ಟಿದಳು, "ಆರು ಇಂಬಳ ಕಚ್ಚಿದೆ. ಜೀವ ಇದ್ದೋನು ಸುಮ್ಮನಿರ್ತಾನಾ?"

ಜೀವವಿದ್ದವನು ಸುಮ್ಮನಿದ್ದ. ಎಲೆಯ ಒಳಗೆ ಮಲಗಿ, ಕ್ಯಾಮೆರಾದ ಕಣ್ಣನ್ನು ಮೇಲಕ್ಕಿಟ್ಟು, ಕೊನೆಯ ಒಂದು ಚಿತ್ರಕ್ಕೆ ಬೆಳಕು ಬರುವುದನ್ನು ಕಾಯುತ್ತಿದ್ದ. ನೇರ ಮೇಲೆ ಮೂರನೆಯ ಕೊಂಬೆಯಲ್ಲಿ ಉಲಮಾ ಕೂತಿತ್ತು. ಇನ್ನೊಂದು ಗಳಿಗೆ ಕಳೆದರೆ ಬಿಸಿಲು ಅದರ ಎದೆಗೆ ಬೀಳುತ್ತಿತ್ತು. ಇಂಬಳವಿರಲಿ, ಚಿರತೆ ಬಂದು ಕಚ್ಚಿದರೂ ಅವನು ಅಲ್ಲಾಡುವವನಲ್ಲ.

ಆಗ ಅಮರದಾಸ, "ತೆಪಾನಿಸ್! ನನ್ನನ್ನ ಕ್ಷಮಿಸೋ!" ಎಂದು ಕೂಗಿ ರಾಶಿಯ ಮೇಲೆ ಬೋರಲು ಬಿದ್ದ.

ಎಲೆಗಳ ಒಳಗಿನಿಂದ, "ಬಾಯಿ ಮುಚ್ಚೋ ಕತ್ತೆ! ಕಣ್ಣು ಬಿಡ್ತಾ ಇದೆ!" ಎಂಬ ಧ್ವನಿ ಬಂತು.

ನಲವತ್ತಮೂರು ಗಂಟಲು ಒಟ್ಟಿಗೆ ಕಿರುಚಿದವು. ಉಲಮಾ ತನ್ನ ಜನ್ಮದಲ್ಲಿ ಅಂಥ ಕೂಗು ಕೇಳಿರಲಿಲ್ಲ. ಅದು ಮೊರದಗಲದ ರೆಕ್ಕೆ ಬಿಚ್ಚಿ, ಜನರ ತಲೆಯ ಮೇಲಿಂದಲೇ ಹಾರಿಹೋಯಿತು. ತೆಪಾನಿಸ್ ಅಮರದಾಸನನ್ನು ಒದ್ದು, ಎಲೆ ಮೆತ್ತಿದ ಮೈಯಲ್ಲಿ ಎದ್ದು ನಿಂತು, ಹಕ್ಕಿಯ ಹಿಂದೆ ಕ್ಯಾಮೆರಾ ತಿರುಗಿಸಿ ಒತ್ತಿದ. ಟಿಕ್ ಎಂದಿತು. ಮೂವತ್ತಾರೂ ಮುಗಿದವು.

ಬಾಬಾನೋನಾ ಸಂಘದ ಕುರ್ಚಿಯೊಂದರ ಮೇಲೆ ಮೂರ್ಛೆ ಹೋದಳು. ತೆಪಾನಿಸ್ ಬಿಳಿಯುಟ್ಟ ಊರನ್ನೂ ಹಂಡೆಯನ್ನೂ ಭಿಕ್ಷುಗಳನ್ನೂ ನೋಡಿ, "ಯಾರು ಹೋದ್ರು? ಸೈಮನ್ ಅಪ್ಪನಾ?" ಎಂದ. ಹಿಂದಿನಿಂದ ಸೈಮನನ ತಂದೆ ಕೆಮ್ಮಿ, "ನಾನು ಇಲ್ಲೇ ಇದೀನಪ್ಪಾ. ನಿನ್ನ ನೋಡೋಕೇ ಬಂದಿರೋದು" ಎಂದರು.

ಈ ಹೊತ್ತಿಗೆ ಸರಿಯಾಗಿ ತಿಲಕಸಿರಿ ಮಹತ್ತಯಾ ಟೋಪಿ ಕಂಕುಳಲ್ಲಿಟ್ಟುಕೊಂಡು ಅಂಗಳಕ್ಕೆ ಬಂದರು. ಬಾವುಟಗಳನ್ನು ನೋಡಿ, ಬರಿಗೈಯಲ್ಲಿ ಹೋಗುವುದು ಸರಿಯಲ್ಲವೆಂದು ಜೀಪನ್ನು ಕಲವಾನಕ್ಕೆ ತಿರುಗಿಸಿ, ಹೂವಿನ ಚಕ್ರ ತಂದಿದ್ದರು. ಸತ್ತವನ ಹೆಸರು ಹಿಂದಿರುಗುವ ದಾರಿಯಲ್ಲಿ ಕಿವಿಗೆ ಬಿದ್ದಿತ್ತು. ತಡವಾದದ್ದು ಅದಕ್ಕೇ. ಜೊತೆಯಲ್ಲಿ ಒನಕೆಯಂಥ ಕ್ಯಾಮೆರಾ ಹೊತ್ತ ಇಂಗ್ಲೆಂಡಿನ ನೋನಾ. ತಿಲಕಸಿರಿ ಎದುರಿಗೆ ನಿಂತವನ ಮುಖ ನೋಡದೆ, ತಲೆ ತಗ್ಗಿಸಿ ಹೂವಿನ ಚಕ್ರವನ್ನು ಅವನ ಕೈಗೇ ಕೊಟ್ಟು, "ಬಹಳ ಒಳ್ಳೆಯ ಮನುಷ್ಯ. ಬಿಲ್ಲೆ ಕೊಡೋ ಮೊದಲೇ ಹೋಗ್ಬಿಟ್ಟ" ಎಂದರು.

"ಈಗಲೂ ಕೊಡಬಹುದು ಮಹತ್ತಯಾ" ಎಂದ ತೆಪಾನಿಸ್.

ಅವರಿಗೆ ನೀರು ಕೊಟ್ಟು ಕೂರಿಸಬೇಕಾಯಿತು. ವಿಷಯ ತಿಳಿದ ಮೇಲೆ ಅವರ ಮುಖ ಕೆಂಪಾಯಿತು. "ಹಕ್ಕಿ ಎಲ್ಲಿ?" "ಹಾರಿಹೋಯ್ತು." "ಫೋಟೋ?" "ತೆಗೆದಿದೀನಿ." "ಬಂದಿದೆಯಾ?" ತೆಪಾನಿಸ್ ಕ್ಯಾಮೆರಾವನ್ನು ಎದೆಗೆ ಒತ್ತಿಕೊಂಡು ನಿಂತ. ಅವನ ಪಾದದಿಂದ ರಕ್ತ ಇಳಿಯುತ್ತಿತ್ತು. ಆ ಮುಖವನ್ನು ನೋಡಿ ಅಮರದಾಸನಿಗೆ, ಅವನು ಸತ್ತ ಸುದ್ದಿ ಕೇಳಿದಾಗ ಬಾರದ ಬೇರೊಂದು ಬಗೆಯ ಅಳು ಬಂತು.

ಎಲ್ಲರೂ ಒಟ್ಟಿಗೆ ಅಮರದಾಸನನ್ನು ಬೈಯತೊಡಗಿದಾಗ ಸುಮನಸಾರ ಹಾಮುದುರುವೋ ಕೈಯೆತ್ತಿದರು. "ಸತ್ತ ಅಂತ ಸುಳ್ಳು ಸುದ್ದಿ ಹುಟ್ಟಿದವರಿಗೆ ಆಯಸ್ಸು ಹೆಚ್ಚು ಅಂತಾರೆ. ಬಂದದ್ದು ಬಂದಿದೀವಿ. ಪೋಯದ ದಿನ, ಎಲ್ಲರೂ ಬಿಳಿಯಲ್ಲೇ ಇದೀರಿ. ಕೂತ್ಕೊಳ್ಳಿ, ಇವನಿಗೆ ದೀರ್ಘಾಯುಸ್ಸು ಕೋರಿ ಪಿರಿತ್ ಹೇಳೋಣ. ಆ ಹೂವಿನ ಚಕ್ರ ಬೋಧಿ ಮರಕ್ಕಿರಲಿ."

ಪಿರಿತ್ ಆಯಿತು. ಸಾವಿನ ಮನೆಗೆಂದು ನೆರೆಯವರು ತಂದ ಅನ್ನ, ಹಲಸಿನ ಪಲ್ಯ, ಅತಿಥಿಗಳಿಗೆಂದು ಮಾಡಿದ ಹಾಲನ್ನ, ಎಲ್ಲ ಒಂದೇ ಚಾಪೆಯ ಮೇಲೆ ಬಂತು. ಇಂಗ್ಲೆಂಡಿನ ನೋನಾ ಕೈಯಿಂದಲೇ ಹಾಲನ್ನ ತಿಂದು, ತಿಲಕಸಿರಿಯವರನ್ನು ಏನೋ ಕೇಳಿದಳು.

"ಏನಂತೆ?" ಎಂದಳು ಕರುಣಾವತಿ.

"ಇವರೆಲ್ಲ ಯಾರಿಗೋಸ್ಕರ ಅತ್ತದ್ದು ಅಂತ ಕೇಳಿದ್ರು. ಇವನಿಗೋಸ್ಕರ ಅಂದೆ. ತಾನು ಸತ್ತರೆ ತನ್ನೂರಲ್ಲಿ ನಾಲ್ಕು ಜನ ಬಂದರೆ ಹೆಚ್ಚಂತೆ."

"ಇಲ್ಲಿಗೇ ಬಂದಿರೋಕೆ ಹೇಳಿ" ಎಂದಳು ಆಗತಾನೇ ಎಚ್ಚರಗೊಂಡ ಬಾಬಾನೋನಾ. "ನಾವು ಅಳ್ತೀವಿ."

ರತ್ನಪುರದ ಸ್ಟುಡಿಯೋದಿಂದ ಚಿತ್ರಗಳು ಬಂದದ್ದು ಹದಿನೈದು ದಿನದ ಮೇಲೆ. ತೆಪಾನಿಸ್ ಒಬ್ಬನೇ ಕಚೇರಿಗೆ ಹೋಗಲು ಹೆದರಿ, ಅಮರದಾಸನನ್ನು ಜೊತೆಗೆ ಕರೆದುಕೊಂಡು ಹೋದ. ತಿಲಕಸಿರಿ ಮಹತ್ತಯಾ ಕೋಳಿಗಳನ್ನೂ ನಾದಿನಿಯ ಬೆನ್ನನ್ನೂ ತಾಳ್ಮೆಯಿಂದ ನೋಡಿ ಬದಿಗಿಟ್ಟು, ಕೊನೆಯದನ್ನು ಬೆಳಕಿಗೆ ಹಿಡಿದರು. ಅದರ ಮೇಲಿನ ಮೂಲೆಯಲ್ಲಿ ಬೂದುಬಣ್ಣದ ಏನೋ ಒಂದು ಮಸಕಾಗಿತ್ತು. ಕೆಳಗೆ, ಸ್ಪಷ್ಟವಾಗಿ, ಬೆಳಗಿನ ಬಿಸಿಲಿನಲ್ಲಿ, ಬಿಳಿಯುಟ್ಟ ಊರು ಬಾಯಿ ತೆರೆದು ಆಕಾಶ ನೋಡುತ್ತಿತ್ತು. ಬಾಬಾನೋನಾ, ಟವೆಲು ಹಿಡಿದ ಸೈಮನನ ತಂದೆ, ಭಿಕ್ಷುಗಳು, ನೆಲದ ಮೇಲೆ ಬಿದ್ದ ಕಾರ್ಯದರ್ಶಿ.

"ಇದು ರೆಕ್ಕೆಯೂ ಇರಬಹುದು, ಬಾಳೆಲೆಯೂ ಇರಬಹುದು" ಎಂದರು ತಿಲಕಸಿರಿ.

"ರೆಕ್ಕೆ ಮಹತ್ತಯಾ. ನಮ್ಮ ಹಿತ್ತಲಲ್ಲಿ ಬಾಳೆಯೇ ಇಲ್ಲ" ಎಂದ ತೆಪಾನಿಸ್.

ಅವರು ಭೂತಗನ್ನಡಿ ತೆಗೆದು ಆ ಮೂಲೆಯನ್ನು ನೋಡಿದರು. ಆಮೇಲೆ ಮುಖಗಳನ್ನು ಒಂದೊಂದಾಗಿ ನೋಡುತ್ತ ಹೋದರು. ಅದಕ್ಕೆ ಬಹಳ ಹೊತ್ತು ಹಿಡಿಯಿತು. "ಕಾಡಲ್ಲಿ ಪರದೇಶದೋರಿಗೆ ಒಂದು ಆಪತ್ತು ಬಂದ್ರೆ, ನೀನು ಒಂದು ಕೂಗು ಹಾಕಿದ್ರೆ ಇವರೆಲ್ಲ ಓಡಿ ಬರ್ತಾರ?"

"ಕೂಗದಿದ್ದರೂ ಬರ್ತಾರೆ ಮಹತ್ತಯಾ. ಅದೇ ಆಗಿದ್ದು."

ತಿಲಕಸಿರಿ ಕಡತದಲ್ಲಿ, "ಹಕ್ಕಿಯ ಭಾಗಶಃ ಚಿತ್ರ ಲಭ್ಯ" ಎಂದು ಬರೆದು ಸಹಿ ಹಾಕಿದರು. ಗುಮಾಸ್ತ ಪೆಟ್ಟಿಗೆ ತೆರೆದು ನಾಲ್ಕನೆಯ ಬಿಲ್ಲೆ ತಂದ. ಅದನ್ನು ತೆಪಾನಿಸನ ಅಂಗಿಗೆ ಚುಚ್ಚಿದ್ದು ಅಮರದಾಸ. ಮೊದಲ ಸಲ ಚರ್ಮಕ್ಕೇ ಚುಚ್ಚಿದ. ತೆಪಾನಿಸ್ ಅಲ್ಲಾಡಲಿಲ್ಲ.

ಆ ಬಿಲ್ಲೆ ಹಾಕಿಕೊಂಡು ಅವನು ಮೂವತ್ತೆರಡು ವರ್ಷ ಕಾಡಿನಲ್ಲಿ ನಡೆದ. ಜನ ತಂದ ಕ್ಯಾಮೆರಾಗಳು ದೊಡ್ಡವಾದವು, ಆಮೇಲೆ ಚಿಕ್ಕವಾದವು. ಅವನು ತೋರಿಸಿದ ಉಲಮಾ ಎಷ್ಟು ದೇಶಗಳ ಗೋಡೆಯ ಮೇಲಿದೆಯೋ ಲೆಕ್ಕವಿಲ್ಲ. ಅವನ ಗೋಡೆಯ ಮೇಲೆ ಮಾತ್ರ ಆ ಒಂದೇ ಚಿತ್ರ. ಬಂದವರು, "ಇದರಲ್ಲಿ ಹಕ್ಕಿ ಎಲ್ಲಿ?" ಎಂದು ಕೇಳಿದರೆ, ಬೆರಳಿಟ್ಟು ಮೊದಲು ಬಾಬಾನೋನಾಳನ್ನು ತೋರಿಸುತ್ತಿದ್ದ.

ಅಮರದಾಸ ಮಾತ್ರ ಪ್ರತಿ ವರ್ಷ ಆ ಪೋಯದಂದು ಬೋಧಿ ಮರದ ಕೆಳಗೆ ಒಂದು ದೀಪ ಹೆಚ್ಚಿಗೆ ಹಚ್ಚುತ್ತಿದ್ದ, ತಾನು ಬರೆದದ್ದು ನಿಜವಾಗದಿರಲಿ ಎಂದು. ತೆಪಾನಿಸ್ ಅದನ್ನು ಕಂಡುಹಿಡಿದು, "ಇನ್ನೊಂದು ಸಲ ಬರೆಯೋ ಮಾರಾಯ, ಇನ್ನೂ ಮೂವತ್ತು ವರ್ಷ ಸಿಗಲಿ" ಎಂದು ನಗುತ್ತಿದ್ದ. ಹೋದ ವೆಸಾಕ್ ಹುಣ್ಣಿಮೆಯಲ್ಲೂ ಹಾಗೆಯೇ ಹೇಳಿದ್ದ.

ಸುದ್ದಿ ಬಂದ ದಿನ ಸಂಜೆಯ ಹೊತ್ತಿಗೆ ಆಸ್ಪತ್ರೆಯಿಂದ ಶವದ ಪೆಟ್ಟಿಗೆ ಮನೆಗೆ ಬಂತು. ಆಗ ಊರು ನಂಬಿತು. ಬೆಳಗ್ಗೆ ನಕ್ಕಿದ್ದ ಸೈಮನ್ ಅಂಗಡಿ ಮುಚ್ಚಿ ಬಂದು ಕುರ್ಚಿಗಳನ್ನು ಜೋಡಿಸಿದ. ಬಾಬಾನೋನಾಳನ್ನು ಇಬ್ಬರು ಹಿಡಿದು ಕರೆತಂದರು. ಅವಳು ಪೆಟ್ಟಿಗೆಯ ಹತ್ತಿರ ನಿಂತು, ಅವನ ಪಾದವನ್ನು ಮುಟ್ಟಿ ನೋಡಿ, ಅಲ್ಲೇ ಕೂತಳು. ಅಂದು ಚಿತ್ರದಲ್ಲಿದ್ದ ನಲವತ್ತಮೂರು ಜನರಲ್ಲಿ ಈಗ ಉಳಿದವರು ಒಂಬತ್ತು. ಮಿಕ್ಕವರ ಹೆಸರನ್ನೆಲ್ಲ ಅಮರದಾಸನೇ ಪುಸ್ತಕದಲ್ಲಿ ದುಂಡಗೆ ಬರೆದಿದ್ದ.

ಕಚೇರಿಯ ಹೊಸ ಅಧಿಕಾರಿ, ಚಿಕ್ಕ ವಯಸ್ಸಿನ ಹೆಣ್ಣುಮಗಳು, ಬಂದು ಬಹಳ ಸಂಕೋಚದಿಂದ ನಿಂತಳು. ಬಿಲ್ಲೆ ಕಚೇರಿಗೆ ಹಿಂದಿರುಗಬೇಕೆಂಬುದು ನಿಯಮ. ಕರುಣಾವತಿಯೇ ಎದ್ದು, ಗಂಡನ ಅಂಗಿಯಿಂದ ಅದನ್ನು ಬಿಡಿಸಿ, ಸೆರಗಿನಲ್ಲಿ ಒರೆಸಿ ಅವಳ ಕೈಯಲ್ಲಿಟ್ಟಳು. "ತಗೊಳ್ಳಮ್ಮಾ. ಅವರ ಕೆಲಸ ಮುಗೀತು. ಗೇಟಿನ ಹತ್ತಿರ ಯಾರೋ ಕಾಯ್ತಾ ಕೂತಿರ್ತಾರೆ, ಅವರಿಗೆ ಕೊಡು" ಎಂದಳು.

ಮರುದಿನ ಭಿಕ್ಷುಗಳು ಬಂದರು. ಬಿಳಿಯ ಬಟ್ಟೆ ಅರ್ಪಿಸಿಯಾಯಿತು. ಬಟ್ಟಲಲ್ಲಿಟ್ಟ ಲೋಟಕ್ಕೆ ಗಿಂಡಿಯಿಂದ ನೀರು ಹುಯ್ಯುವಾಗ ಕರುಣಾವತಿಯ ಕೈಯ ಮೇಲೆ ಅಮರದಾಸನೂ ಕೈಯಿಟ್ಟ. ಸಂಘದ ಪರವಾಗಿ ಅವನು ಪ್ರತಿ ಸಾವಿನಲ್ಲೂ ಓದುವ ಶೋಕದ ಹಾಳೆ ಜೇಬಿನಲ್ಲೇ ಉಳಿಯಿತು. ನೀರು ಲೋಟ ತುಂಬಿ ಬಟ್ಟಲಿಗೆ ಹರಿಯುತ್ತಿರುವಾಗ ಅವನು ಮೆಲ್ಲಗೆ ತನಗೆ ಬಂದಷ್ಟನ್ನೇ ಹೇಳಿದ:

"ತೆಪಾನಿಸ್, ನಾನು ಹಿಡಿದ ಶೀಲದಲ್ಲಿ, ಹಚ್ಚಿದ ದೀಪದಲ್ಲಿ ಏನಾದರೂ ಪುಣ್ಯ ಇದ್ದರೆ ಅದೆಲ್ಲ ನಿನ್ನದು. ಈ ನೀರು ಹರಿದ ಹಾಗೆ ಅದು ನಿನ್ನ ಹತ್ತಿರ ಹರಿದು ಬರಲಿ. ನೀನು ಹೋಗುವ ದಾರಿಯಲ್ಲಿ ಭಯ ಇಲ್ಲದಿರಲಿ, ಬಾಯಾರಿಕೆ ಇಲ್ಲದಿರಲಿ. ಹುಟ್ಟು ಸಾವು ಎರಡೂ ಇಲ್ಲದ ನಿರ್ವಾಣದ ನೆಮ್ಮದಿ ನಿನಗೆ ಸಿಗಲಿ. ಶಾಂತಿ ಸಿಗಲಿ, ತಮ್ಮಾ."

ಸಾಧು, ಸಾಧು, ಸಾಧು ಎಂದರು ಎಲ್ಲರೂ.